ಸುಳ್ಳ ನೊಣ

ಮೊರದ ಅಂಚಿಗೆ ಒಂದು ನೊಣ ಬಂದು ಕೂತಿತು. ಹೊನ್ನವ್ವ ತೊಗರಿಬೇಳೆಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟು ಅದನ್ನೇ ನೋಡಿದಳು. ಮೊದಲು ಮುಂಗಾಲು ಎರಡನ್ನೂ ಉಜ್ಜಿಕೊಂಡಿತು, ಆಮೇಲೆ ಹಿಂಗಾಲು ಎತ್ತಿ ರೆಕ್ಕೆ ಒರೆಸಿಕೊಂಡಿತು. ಒರೆಸಿ ಮುಗಿದರೂ ರೆಕ್ಕೆ ಪೂರ್ತಿ ಮಲಗಲಿಲ್ಲ, ಕೂದಲೆಳೆಯಷ್ಟು ಎದ್ದೇ ಇತ್ತು. ಹಂಗಾರ ನಾ ಕಟ್ಟೂ ನೊಣಾ ತಪ್ಪು, ಅಂದುಕೊಂಡಳು. ನಾ ರೆಕ್ಕಿನ ಭಾಳ ಬಿಗಿದು ಮಲಗಿಸ್ತೇನಿ, ಅದಕ್ಕ ಗಾಳಿ ಬಿಟ್ಟ ದಿನ ನೀರ ಮ್ಯಾಲೆ ನಿಲ್ಲಂಗಿಲ್ಲ, ಮುಣಗತೈತಿ. ಇದನ್ನು ಈಗಿಂದೀಗ ಕಟ್ಟಿಗೆ ಒಡೆಯುವ ಅಡಿವೆವ್ವಗೆ ಹೇಳಬೇಕು ಎಂದು ಮನಸ್ಸು ಎದ್ದು ಓಡಿತು, ಹಿತ್ತಲ ಬಾಗಿಲ ತನಕ ಓಡಿ ಅಲ್ಲಿ ಮುಗ್ಗರಿಸಿ ನಿಂತಿತು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಒಡೆಯದ ಕಟ್ಟಿಗೆ ರಾಶಿ ಹತ್ತು ದಿನದಿಂದ ಬಿದ್ದಲ್ಲೇ ಬಿದ್ದು ಮಳೆಗೆ ನೆನೆದಿತ್ತು. ಹೊನ್ನವ್ವ ನೊಣವನ್ನು ಓಡಿಸಿದಳು. ಬ್ಯಾರೆ ಮನಿ ಇರಲಿಲ್ಲೇನು ನಿನಗ, ಎಂದು ಅದನ್ನೇ ಬೈದಳು.

ಇವತ್ತು ಗುರುವಾರ. ಗುರುವಾರ ಗಂಡ ಕುಬೇರಪ್ಪ ಕಾಳಿನ ವ್ಯಾಪಾರಕ್ಕೆ ತಿಳವಳ್ಳಿಗೆ ಹೋಗುತ್ತಾನೆ, ಮಕ್ಕಳು ಸಾಲಿಗೆ ಹೋಗುತ್ತಾರೆ, ಅತ್ತೆ ಸರೋಜವ್ವ ಮುಂದಿನ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಬತ್ತಿ ಹೊಸೆಯುತ್ತಾಳೆ. ಹೊನ್ನವ್ವ ‘ಹೊಲಕ್ಕ ಹೋಗಿ ಬರ್ತೇನ್ರಿ ಅತ್ತಿ’ ಅನ್ನುತ್ತಾಳೆ, ಹೊಲಕ್ಕೆ ಹೋಗುವುದಿಲ್ಲ. ಮೂರು ವರ್ಷದ ಗುರುವಾರಗಳೆಲ್ಲ ಹೀಗೆಯೇ ಹೋಗಿದ್ದವು. ಮಾಸೂರಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ತನ್ನ ಹತ್ತಿರ ಇದೆ ಎಂಬುದು ಅವಳಿಗೆ ಒಳಗೊಳಗೇ ಎಷ್ಟು ಖುಷಿ ಕೊಡುತ್ತಿತ್ತೆಂದರೆ, ಮಠದ ಅಯ್ಯನವರು ಪ್ರವಚನ ಮಾಡುವಾಗಲೂ ಅವಳ ಬಲಗೈ ಮಣಿಕಟ್ಟು ಸೆರಗಿನೊಳಗೆ ಸಣ್ಣಗೆ ಹಿಂದೆ ಮುಂದೆ ಆಡುತ್ತಿತ್ತು, ದಾರ ಎಸೆಯುವ ಹಾಗೆ. ಕೊರಳಲ್ಲಿ ಲಿಂಗ ಕಟ್ಟಿದ ಹೆಂಗಸು, ಮೀನಿನ ಸಾರಿನ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಓಣಿ ದಾಟುವವಳು, ಗಾಳ ಹಾಕುತ್ತಾಳೆ! ಪಾಪವೋ ಪುಣ್ಯವೋ ಎಂದು ಮೊದಮೊದಲು ಬಹಳ ತಲೆ ಕೆಡಿಸಿಕೊಂಡಿದ್ದಳು. ನಾ ಹುಳ ಚುಚ್ಚಂಗಿಲ್ಲ, ಕೊಲ್ಲಂಗಿಲ್ಲ, ತಿನ್ನಂಗಿಲ್ಲ, ಬರೇ ಹಿಡಿತೇನಿ ಎಂದು ಲಿಂಗಪೂಜೆಯ ಹೊತ್ತಿಗೆ ಶಿವನಿಗೆ ಒಂದಿಷ್ಟು ವಾದ ಹೇಳಿದ್ದಳು. ಶಿವ ಏನೂ ಅಂದಿರಲಿಲ್ಲ. ಅಂದಮೇಲೆ ಅವನಿಗೂ ಒಪ್ಪಿಗೆ ಇದೆ ಎಂದು ತಿಳಿದುಕೊಂಡಿದ್ದಳು.

ಶುರುವಾದದ್ದು ಒಂದು ಕೋಳಿಪುಚ್ಚದಿಂದ. ಮದಗದ ಕೆರೆಯ ಏರಿಯ ಕೆಳಗೆ ಅವರ ಭತ್ತದ ಹೊಲ. ಅವತ್ತು ಹೊಲದಿಂದ ಬರುವಾಗ ತೂಬಿನ ಹತ್ತಿರ ಮೊಣಕಾಲುದ್ದ ನೀರಲ್ಲಿ ಒಬ್ಬ ಹೆಂಗಸು ಕಚ್ಚೆ ಹಾಕಿ ನಿಂತು ಬಿದಿರಿನ ಕೋಲನ್ನು ಹಿಂದಕ್ಕೆ ಎಳೆದು ಮುಂದಕ್ಕೆ ಬೀಸುತ್ತಿದ್ದಳು. ಅವರ ಮನೆಯಲ್ಲೇ ಕಟ್ಟಿಗೆ ಒಡೆದು ದನದ ಕೊಟ್ಟಿಗೆ ಬಳಿಯುವ ಕೇರಿಯ ಅಡಿವೆವ್ವ. ದಿನಾ ನೋಡಿದ ಹೆಂಗಸೇ, ಆದರೆ ಹಿತ್ತಲಲ್ಲಿ ಬಗ್ಗಿಕೊಂಡು ಇರುತ್ತಿದ್ದವಳು ಇಲ್ಲಿ ಸೆಟೆದು ನಿಂತಿದ್ದಳು. ದಾರ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ಹೋಗಿ, ತುದಿಯಲ್ಲಿದ್ದದ್ದು ನೀರಿನ ಮೇಲೆ ಸದ್ದೇ ಇಲ್ಲದೆ ಇಳಿಯಿತು. ಹೊನ್ನವ್ವನ ಎದೆ ಝಲ್ಲೆಂದಿತು. ಮದುವೆಯಾದಾಗಲೂ ಹಾಗೆ ಅಂದಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಗಾಳದ ಮುಳ್ಳಿಗೆ ಕೋಳಿಯ ಪುಚ್ಚ ಸುತ್ತಿ ಗಂಟು ಹಾಕಿದೆ. ‘ಇದೇನಿದು?’ ಅಂದಳು. ‘ಸುಳ್ಳ ನೊಣಾ ರೀ ಅವ್ವಾರ. ನಮ್ಮಪ್ಪ ಕಟ್ಟತಿದ್ದ. ಮಳಿ ಆದಮ್ಯಾಲೆ ರೆಕ್ಕಿಹುಳ ಬೀಳ್ತಾವಲ್ರಿ, ಮೀನಾ ಮ್ಯಾಲೆ ಬಂದು ತಿಂತಾವು. ಇದನ್ನೂ ಹುಳಾ ಅಂತ ತಿಳಕೊಂಡು ಬಾಯಿ ಹಾಕ್ತಾವು.’ ಕಸೂತಿಯಲ್ಲಿ ಊರಿಗೇ ಹೆಸರಾದ ಹೊನ್ನವ್ವಗೆ ಆ ಗಂಟು ನೋಡಿ ತಡೆಯಲಾಗಲಿಲ್ಲ. ‘ಇದು ನೊಣ ಏನು? ತಿಪ್ಪ್ಯಾಗ ಬಿದ್ದ ಕೋಳಿ ಇದ್ದಂಗೈತಿ. ಮೀನಿಗೆ ಕಣ್ಣಿಲ್ಲಂತ ತಿಳಿದೀಯೇನು?’ ಅಂದುಬಿಟ್ಟಳು. ಅಡಿವೆವ್ವ ಒಂದು ಗಳಿಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಹಂಗಾರ ಚಂದಂದು ನೀವ ಕಟ್ಟಿಕೊಂಡು ಬರ್ರಿ, ನೋಡೂಣು.’

ಕಟ್ಟಿಕೊಂಡು ಹೋದಳು, ಮುಂದಿನ ಗುರುವಾರವೇ. ತವರುಮನೆ ಬಂಕಾಪುರದಿಂದ ಅಣ್ಣ ವರ್ಷಕ್ಕೊಮ್ಮೆ ನವಿಲುಗರಿಯ ಕಟ್ಟು ತಂದುಕೊಡುತ್ತಿದ್ದ, ಗೋಡೆಗೆ ಸಿಕ್ಕಿಸಿದರೆ ಹಲ್ಲಿ ಬರುವುದಿಲ್ಲವೆಂದು. ಅದರ ಒಂದೊಂದೇ ಎಳೆ ಬಿಡಿಸಿ ಮುಳ್ಳಿಗೆ ಸುತ್ತಿ ಮೈ ಮಾಡಿದಳು. ಅಡಿವೆವ್ವನ ಹುಂಜದ ಕೊರಳ ಪುಚ್ಚ ರೆಕ್ಕೆಯಾಯಿತು. ಕಸೂತಿಯ ಹಸಿರು ರೇಷ್ಮೆ ದಾರದಿಂದ ಬಿಗಿದು ಗಂಟಿನ ಮೇಲೆ ಒಂದು ಹನಿ ಮೇಣ ಬಿಟ್ಟಳು. ಮುಳ್ಳು ತರುವವಳು ಸವಣೂರಿನ ಬಳೆಗಾರ್ತಿ ಮರಿಯಮಬಿ. ಬಳೆ ತೊಡಿಸುವಾಗ ಬುಟ್ಟಿಯ ತಳದಿಂದ ಸಣ್ಣ ಪೊಟ್ಟಣ ತೆಗೆದು ಅಂಗೈಯಲ್ಲಿಟ್ಟು, ಯಾಕೆ ಏನು ಎಂದು ಕೇಳದೆ, ಕಣ್ಣಲ್ಲೇ ನಗುತ್ತಿದ್ದಳು. ಹೊನ್ನವ್ವ ನೊಣ ಕಟ್ಟಲು ಕಲಿಸಿದಳು, ಅಡಿವೆವ್ವ ದಾರ ಎಸೆಯಲು ಕಲಿಸಿದಳು. ಮೊದಲ ದಿನವೇ ಮುಳ್ಳು ಹೊನ್ನವ್ವನ ಹೆಬ್ಬೆರಳಿಗೇ ಹೊಕ್ಕಿತ್ತು. ಅಡಿವೆವ್ವ ಹಿಂದೆ ಮುಂದೆ ನೋಡದೆ ಕೈ ಹಿಡಿದು ಕಿತ್ತು, ರಕ್ತ ಬಂದ ಬೆರಳನ್ನು ತನ್ನ ಸೆರಗಿನಲ್ಲಿ ಒತ್ತಿ ಹಿಡಿದ ಮೇಲೆಯೇ ತಾನು ಯಾರ ಕೈ ಹಿಡಿದಿದ್ದೇನೆಂದು ಹೊಳೆದು ಬಿಡಲು ಹೋದಳು. ಹೊನ್ನವ್ವ ಬಿಡಿಸಿಕೊಳ್ಳಲಿಲ್ಲ. ‘ಇನ್ನೂ ರಕ್ತ ಬರಾಕತ್ತೈತಿ, ಹಿಡಿ,’ ಅಂದಳು. ಅವತ್ತೇ ಅಡಿವೆವ್ವ ಒಂದು ಕಾಯಿದೆ ಮಾಡಿದಳು: ನೀರಿಗೆ ಇಳಿದ ಮೇಲೆ ಅವ್ವಾರು ಗಿವ್ವಾರು ಇಲ್ಲ, ಹೆಸರು ಹಿಡಿದು ಕರೆಯುವುದು. ‘ಮೀನ ಕಚ್ಚಿದಾಗ, ಅವ್ವಾರ, ಕ್ವಾಲ ಎತ್ರಿ ಅಂತ ಕೈ ಮುಗಕೊಂತ ನಿಂತ್ರ, ಮೀನ ಶಿಕಾರಿಪುರ ಮುಟ್ಟಿರತೈತಿ.’ ಏರಿ ಹತ್ತಿದ ಕೂಡಲೇ ಮತ್ತೆ ಅವ್ವಾರು. ಸಿಕ್ಕ ಮೀನೆಲ್ಲ ಅಡಿವೆವ್ವನ ಬುಟ್ಟಿಗೆ.

ಇಂಥದ್ದನ್ನು ಒಂದು ಮಾತಿನಲ್ಲಿ ಕೆಡಿಸಿದೆನಲ್ಲ ಎಂದು ಹೊನ್ನವ್ವ ಮೊರ ಕೆಳಗಿಟ್ಟಳು. ಹತ್ತು ದಿನದ ಹಿಂದೆ, ಶ್ರಾವಣದ ಕಡೇ ಸೋಮವಾರ, ಮನೆಯಲ್ಲಿ ಅಯ್ಯನವರ ಪಾದಪೂಜೆ ಇತ್ತು. ಹಿಂದಿನ ಸಂಜೆ ಒಂದು ಹೊಸ ನೊಣ ಕಟ್ಟುತ್ತ ಕೂತಿದ್ದಾಗ ಅತ್ತೆ ತಟ್ಟನೆ ಒಳಗೆ ಬಂದಳು. ಬಚ್ಚಿಡಲು ಜಾಗ ಕಾಣದೆ, ತೆರೆದಿದ್ದ ಟ್ರಂಕಿನಲ್ಲಿ ಮಡಚಿಟ್ಟ ಇಳಕಲ್ ಸೀರೆಯ ಸೆರಗಿಗೆ ಚುಚ್ಚಿದಳು, ಚುಚ್ಚಿ ಮರೆತಳು. ಮರುದಿನ ಅದೇ ಸೀರೆ ಉಟ್ಟಳು. ಪಡಸಾಲೆ ತುಂಬ ಮಂದಿ. ಅವಳು ಬಗ್ಗಿ ಪಾದಕ್ಕೆ ಹಣೆ ಹಚ್ಚಿ ಎದ್ದಳು, ಅವಳ ಜೊತೆಗೆ ಅಯ್ಯನವರ ಕಾವಿ ಶಾಲೂ ಎದ್ದಿತು. ಅವಳು ಹಿಂದೆ ಸರಿದಳು, ಶಾಲು ಅವಳ ಕಡೆಗೆ ಬಂತು. ಅಯ್ಯನವರು ಒಂದು ತುದಿ ಹಿಡಿದುಕೊಂಡು, ‘ಎವ್ವಾ, ಶಾಲು ಬೇಕಂದ್ರ ಕೇಳು, ಕೊಡ್ತೇನಿ,’ ಅಂದರು. ಯಾರೋ ಕಿಸಕ್ಕೆಂದರು. ಆಮೇಲೆ ಅವರು ಸಿಕ್ಕಿಕೊಂಡದ್ದನ್ನು ಬಿಡಿಸಿ ಎರಡು ಬೆರಳಲ್ಲಿ ಎತ್ತಿ ಹಿಡಿದರು. ಮುಳ್ಳು. ಮೀನಿನ ಗಾಳ. ವಿಭೂತಿ, ಬಿಲ್ವಪತ್ರಿ, ಪಾದೋದಕದ ಬಟ್ಟಲು, ಇವುಗಳ ನಡುವೆ ಅದು ಹಸಿರಾಗಿ ಹೊಳೆಯಿತು. ಕಿಸಕ್ಕೆನ್ನುವುದು ನಿಂತಿತು. ಹೊನ್ನವ್ವನ ಬಾಯಿ ಒಣಗಿತು, ಒಣಗಿದ ಬಾಯಿಯೇ ತಾನಾಗಿ ಮಾತಾಡಿತು: ‘ಅಡಿವೆವ್ವಂದಿರಬೇಕ್ರಿ. ನಿನ್ನೆ ಹಿತ್ತಲದಾಗ ಸೀರಿ ಬಿಸಲಿಗೆ ಹಾಕಿದ್ದೆ, ಅಕಿ ಬುಟ್ಟಿ ಅಲ್ಲೇ ಇತ್ತು.’ ಅಡಿವೆವ್ವ ಹಿತ್ತಲ ಬಾಗಿಲ ಹೊರಗೆ ಪ್ರಸಾದಕ್ಕೆ ನಿಂತಿದ್ದಳು. ಸರೋಜವ್ವ ಅಲ್ಲಿಂದಲೇ ಕೂಗಿ ಕೇಳಿದಳು, ‘ಏನ ಅಡಿವೆವ್ವಾ, ನಿಂದೇನು?’ ಅಡಿವೆವ್ವ ಹೊನ್ನವ್ವನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ. ‘ಹೌದ್ರಿ, ನಂದ,’ ಅಂದಳು. ಆ ಎರಡು ಮಾತು ಹೇಳುವಾಗ ಅವಳ ದನಿ ಸಾದಾ ಇತ್ತು, ಉಪ್ಪು ಐತೇನು ಅಂದರೆ ಐತ್ರಿ ಅನ್ನುವ ಹಾಗೆ. ‘ನಾಳಿಂದ ಹಿತ್ತಲಕ್ಕ ಕಾಲಿಡಬ್ಯಾಡ,’ ಅಂದಳು ಸರೋಜವ್ವ. ಅಡಿವೆವ್ವ ಕೈಚಾಚಿ ತನ್ನದಲ್ಲದ ನೊಣವನ್ನು ಇಸಗೊಂಡು, ಬುಟ್ಟಿ ಎತ್ತಿಕೊಂಡು ಹೋದಳು.

ಆಮೇಲೆ ಓಣಿಯ ಮತ್ತೆರಡು ಮನೆಗಳೂ ಅಡಿವೆವ್ವಗೆ ಬರಬೇಡ ಅಂದವು, ಅಯ್ಯಾರ ಶಾಲು ಮೈಲಿಗಿ ಮಾಡಿದಾಕಿ ಎಂದು. ಹೊನ್ನವ್ವ ಹೊಲದ ಆಳು ಭರಮವ್ವನ ಕೈಯಲ್ಲಿ ರೊಟ್ಟಿ ಬುತ್ತಿ ಕಟ್ಟಿ ಕಳಿಸಿದಳು. ಬುತ್ತಿ ಕಟ್ಟಿದ ಹಾಗೆಯೇ ತಿರುಗಿ ಬಂತು. ‘ಹೊಟ್ಟಿ ತುಂಬೈತಂತ್ರಿ,’ ಅಂದಳು ಭರಮವ್ವ. ಕಳೆದ ಗುರುವಾರ ಕೆರೆಗೆ ಹೋಗುವ ಧೈರ್ಯವೇ ಆಗಲಿಲ್ಲ. ರಾತ್ರಿ ಕುಬೇರಪ್ಪ, ‘ಯಾಕ, ಇವತ್ತ ಹೊಲಕ್ಕ ಹೋಗಲಿಲ್ಲೇನು?’ ಅಂದಾಗ ‘ತಲಿ ನೋವು’ ಅಂದಳು. ಹೀಗೆ ಸುಳ್ಳುಗಳು ಬೆಳೆಯುತ್ತಿದ್ದವು, ಮಳೆಗಾಲದ ಬಳ್ಳಿಯ ಹಾಗೆ. ತಾನು ಇಷ್ಟು ಹೇಡಿ ಎಂದು ಮೂವತ್ತಾರು ವರ್ಷ ತನಗೇ ಗೊತ್ತಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಈ ಗುರುವಾರವೂ ಹೋಗದಿದ್ದರೆ ಅಡಿವೆವ್ವ ಇನ್ನು ಯಾವತ್ತಿಗೂ ತನ್ನ ಪಾಲಿಗೆ ಇಲ್ಲ. ಆ ತೂಬು, ಆ ನೀರು, ತನ್ನ ಹೆಸರು ಹಿಡಿದು ಕರೆಯುವ ಆ ದನಿ, ಎಲ್ಲ ಹೋದ ಹಾಗೆ. ಅವಳು ಬೇಳೆಯನ್ನು ಡಬ್ಬಿಗೆ ಸುರಿದಳು. ಕಲ್ಲು ಆರಿಸಿದ್ದೂ ಆರಿಸದೆ ಇದ್ದದ್ದೂ ಕೂಡಿಹೋಯಿತು, ಹೋಗಲಿ. ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ‘ಹೊಲಕ್ಕ ಹೋಗಿ ಬರ್ತೇನ್ರಿ ಅತ್ತಿ.’ ಸರೋಜವ್ವ ಬತ್ತಿಯಿಂದ ಕಣ್ಣೆತ್ತಲಿಲ್ಲ. ‘ಹೋಗಿ ಬಾ. ಗಾಳಿ ಐತಿ ನೋಡು ಇವತ್ತ,’ ಅಂದಳು.

ಗಾಳಿ ಇತ್ತು. ಏರಿಯ ಮೇಲಿನಿಂದ ಕೆರೆ ಗುಡ್ಡಗಳ ನಡುವೆ ತುಂಬಿ ತುಳುಕುತ್ತಿತ್ತು. ಹೊಲದ ಗುಡಿಸಲಿನ ಸೂರಿನಲ್ಲಿ ಬಚ್ಚಿಟ್ಟ ತನ್ನ ಕೋಲು ಎಳೆದುಕೊಂಡು ಬರುವಾಗ ಹೊನ್ನವ್ವ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ನೋಡು ಅಡಿವೆವ್ವಾ, ಅವತ್ತ ನನ್ನ ಬುದ್ಧಿ ನನ್ನ ಕೈಯಾಗ ಇರಲಿಲ್ಲ... ಇಲ್ಲ, ಇದು ಬರೇ ನೆವ ಹೇಳಿದಂಗ ಆತು. ನೋಡು ಅಡಿವೆವ್ವಾ, ನೀ ನನಗ ಅಕ್ಕ ಇದ್ದಂಗ... ಇದ್ದಂಗ ಇದ್ರ ಹಂಗ್ಯಾಕ ಮಾಡಿದಿ ಅಂತಾಳ. ಮೂರು ಸಲ ಜೋಡಿಸಿ ಮೂರು ಸಲ ಕಿತ್ತಳು. ತೂಬಿನ ಹತ್ತಿರ ಬಂದಾಗ ಅಡಿವೆವ್ವ ನೀರಲ್ಲಿ ಬೆನ್ನು ಮಾಡಿ ನಿಂತಿದ್ದಳು. ಸದ್ಯ, ಬಂದಿದ್ದಾಳೆ. ಹೊನ್ನವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಅಡಿವೆವ್ವ ತಿರುಗದೆಯೇ, ‘ಬಂದ್ರೇನ್ರಿ ಅವ್ವಾರ,’ ಅಂದಳು.

ನೀರೊಳಗೆ ನಿಂತು ಅವ್ವಾರ ಅಂದಳು. ಹೊನ್ನವ್ವಗೆ ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಜೋಡಿಸಿಕೊಂಡ ಮಾತೆಲ್ಲ ಚೆಲ್ಲಿಹೋಗಿ, ‘ತಪ್ಪಾತು ಅಡಿವೆವ್ವಾ,’ ಎಂದಷ್ಟೇ ಬಂತು.

‘ಯಾರದ್ರೀ?’

‘ನಂದ.’

‘ಅಯ್ಯ, ನಿಮ್ಮದ್ಯಾಕ ಅಕ್ಕೈತ್ರಿ. ನಂದು ಅಂತ ನಾನ ಹೇಳೇನಲ್ಲ, ಅಷ್ಟ ಮಂದ್ಯಾಗ.’ ಅಡಿವೆವ್ವ ದಾರ ಹಿಂದಕ್ಕೆಳೆದು ಎಸೆದಳು. ಸದ್ದಿಲ್ಲದೆ ಇಳಿಯಿತು.

‘ನೀನ್ಯಾಕ ಹೌದಂದಿ? ಅಲ್ಲಾ ಅನ್ನಬೇಕಿತ್ತು. ಹೊನ್ನವ್ವಂದು ಅನ್ನಬೇಕಿತ್ತು.’

‘ಅಂದಿದ್ರ ಯಾರು ಕೇಳ್ತಿದ್ರು?’ ಅಡಿವೆವ್ವ ಮೊದಲ ಸಲ ತಿರುಗಿದಳು. ಸಿಟ್ಟಿಗಿಂತ ದಣಿವು ಹೆಚ್ಚು ಕಂಡಿತು ಮುಖದಲ್ಲಿ. ‘ಮತ್ತ ನಿಮ್ಮ ಮುಖಾ ನೋಡಿದೆ. ಮುಳ್ಳ ನುಂಗಿದ ಗೆಂಡಿ ಮೀನಿನಂಗ ಬಾಯಿ ತೆಗದು ನಿಂತಿದ್ರಿ. ಪಾಪ ಅನಿಸ್ತು.’

‘ತಪ್ಪಾತು ಅಂತ ಹೇಳಾಕ ಬಂದೇನಿ.’

‘ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನನಗ ಗೊತ್ತಿರೂದ ಐತಿ. ಗೊತ್ತಿಲ್ಲದವರ ಮುಂದ ಹೇಳ್ರಿ.’

ಎಷ್ಟು ಸರಳ ಮಾತು, ಹತ್ತು ದಿನ ಹೊನ್ನವ್ವಗೆ ಹೊಳೆದೇ ಇರಲಿಲ್ಲ. ಅಥವಾ ಹೊಳೆದಿತ್ತು, ಹೊಳೆದದ್ದನ್ನು ಬೇಳೆಯೊಳಗಿನ ಕಲ್ಲಿನ ಹಾಗೆ ಅತ್ತಿತ್ತ ಸರಿಸಿದ್ದಳು. ಅತ್ತೆ, ಓಣಿಯ ಹೆಂಗಸರು, ಪಡಸಾಲೆಯಲ್ಲಿದ್ದ ಅಷ್ಟೂ ಮಂದಿ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದು ಬಾಯಿಗೆ ಸೆರಗು ಹಿಡಿದುಕೊಂಡರು. ಕೋಲು ಕೈಯಲ್ಲೇ ಇತ್ತು, ಎಸೆಯಲು ಮನಸ್ಸಾಗಲಿಲ್ಲ. ನೀರು ನೋಡುತ್ತ ನಿಂತಳು. ಅಡಿವೆವ್ವನ ನೊಣ ಅಲೆಗಳ ಮೇಲೆ ಕುಣಿಯುತ್ತಿತ್ತು. ಇಷ್ಟು ಗಾಳಿಯಲ್ಲೂ ಮುಳುಗಿರಲಿಲ್ಲ. ಯಾಕೆ ಮುಳುಗಲಿಲ್ಲ? ಹೊನ್ನವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಹಸಿರು. ನವಿಲಿನ ಮೈ. ಅದೇ ನೊಣ, ಅಯ್ಯನವರ ಶಾಲಿಗೆ ಸಿಕ್ಕದ್ದು.

‘ಅಡಿವೆವ್ವಾ, ಅದರ ರೆಕ್ಕಿ ಎದ್ದಾವು!’

‘ಏಳಲಾರದ ಏನು? ಶಾಲ್ಯಾಗಿಂದ ಅಯ್ಯಾರು ಉಲ್ಟಾ ಕಿತ್ತಾರ. ನಾ ತಿದ್ದಲಿಲ್ಲ.’

‘ತಿದ್ದಬ್ಯಾಡ, ತಿದ್ದಬ್ಯಾಡ! ಅದ ಖರೇ ಐತಿ. ಇವತ್ತ ಮುಂಜಾನಿ ಮೊರದ ಮ್ಯಾಲೆ ನೊಣಾ ಕುಂತಿತ್ತು, ನೋಡಿದೆ. ರೆಕ್ಕಿ ಪೂರಾ ಮಲಗಂಗಿಲ್ಲ. ಮೂರು ವರ್ಷ ನಾ ಕಟ್ಟಿದ್ದೆಲ್ಲಾ ತಪ್ಪು!’ ಅವಳಿಗೆ ತಾನು ಅಪರಾಧಿ ಎಂಬುದೇ ಮರೆತುಹೋಗಿತ್ತು. ಬೆರಳಿಂದ ಬೆರಳ ಮೇಲೆ ನೊಣ ಮಾಡಿ ತೋರಿಸುತ್ತಿದ್ದಳು, ಸೆರಗು ನೀರಲ್ಲಿ ತೇಲುತ್ತಿತ್ತು. ಅಡಿವೆವ್ವನ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಅದನ್ನು ಕೆಳಗಿಳಿಸಲು ಅವಳು ಪಟ್ಟ ಕಷ್ಟ ಹೊನ್ನವ್ವಗೆ ಕಂಡಿತು. ‘ಹಂಗಾರ ಇನ್ನ ಮ್ಯಾಲೆ ಎಲ್ಲಾ ನೊಣಾನೂ ಅಯ್ಯಾರ ಶಾಲಿಗೆ ಚುಚ್ಚಿ ಕಿತ್ತಕೊಂಡ ಬರ್ರಿ,’ ಎಂದು ಹೇಳಿ ಮುಗಿಸುವುದರೊಳಗೆ ತೂಬಿನ ಕಲ್ಲಿನ ನೆರಳಲ್ಲಿ ನೀರು ಉಬ್ಬಿತು.

ಆ ಉಬ್ಬು ಇಬ್ಬರಿಗೂ ಗೊತ್ತಿತ್ತು. ತೂಬಿನ ಮುದುಕ. ಮೂರು ವರ್ಷದಿಂದ ಎಷ್ಟು ನೊಣ ತೋರಿಸಿದರೂ ಮೂಸಿ ನೋಡಿ ತಿರುಗಿ ಹೋಗುತ್ತಿದ್ದ ದೊಡ್ಡ ಕೊರವ ಮೀನು. ಅದಕ್ಕೆ ಮುದುಕ ಎಂದು ಹೆಸರಿಟ್ಟವಳು ಹೊನ್ನವ್ವ, ತನ್ನ ಮಾವನ ಹಾಗೆ ಯಾವುದೂ ಒಗ್ಗುವುದಿಲ್ಲವೆಂದು. ಮುದುಕ ಬಂದ. ಮೂಸಲಿಲ್ಲ. ಬಾಯಿ ತೆರೆದು ನೊಣವನ್ನು ನೀರಿನ ಸಮೇತ ಒಳಗೆ ಹಾಕಿಕೊಂಡ. ಅಡಿವೆವ್ವ ಕೋಲೆತ್ತಿದಳು. ಬಿದಿರು ಕಮಾನಿನ ಹಾಗೆ ಬಾಗಿತು. ‘ಎವ್ವಾ ಎವ್ವಾ ಎವ್ವಾ! ಹಿಡಿಯಬೇ ಹೊನ್ನವ್ವಾ! ನಿಂತೀ ಏನ್ ನೋಡ್ತಿ, ನನ್ನ ನಡಾ ಹಿಡಿ!’ ಹೊನ್ನವ್ವ ತನ್ನ ಕೋಲು ಬಿಸಾಡಿ ಅಡಿವೆವ್ವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಮುದುಕ ಇಬ್ಬರನ್ನೂ ಎಳೆದ. ‘ದಾರ ಸಡಲ ಬಿಡು!’ ‘ಬಿಟ್ಟೇನಬೇ!’ ‘ಎಡಕ್ಕ ಹೊಂಟೈತಿ, ಎಡಕ್ಕ!’ ‘ಎಡಾ ಯಾವುದ, ನನ್ನ ಎಡಾನೋ ನಿನ್ನ ಎಡಾನೋ?’ ಇಬ್ಬರದೂ ಒಂದೇ ಎಡ, ಒಬ್ಬಳ ಹಿಂದೆ ಒಬ್ಬಳು ನಿಂತಿದ್ದಾರೆ, ಆದರೂ ಆ ಗಳಿಗೆಯಲ್ಲಿ ಅದು ದೊಡ್ಡ ಪ್ರಶ್ನೆಯಾಯಿತು. ಬಾಲವೊಂದು ಮೇಲೆದ್ದು ಪಟಾರನೆ ನೀರಿಗೆ ಹೊಡೆಯಿತು. ಟಪ್ಪೆಂದಿತು ದಾರ. ಕೋಲು ಸೆಟೆದು ನೆಟ್ಟಗಾಯಿತು, ಇಬ್ಬರೂ ಹಿಂದಕ್ಕೆ ಕೆಸರಲ್ಲಿ ಬಿದ್ದರು, ಕೆಳಗೆ ಹೊನ್ನವ್ವ, ಮೇಲೆ ಅಡಿವೆವ್ವ.

ಮುದುಕ ನೊಣ ನುಂಗಿಕೊಂಡು ಹೋಗಿದ್ದ. ಹೊನ್ನವ್ವನ ಬಾಯಲ್ಲಿ ಕೆಸರು, ಕಿವಿಯಲ್ಲಿ ಕೆಸರು. ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಆಮೇಲೆ ನಿಲ್ಲಿಸಲು ಬರಲಿಲ್ಲ. ‘ಅಯ್ಯಾರ ಶಾಲು ಎಳದದ್ದು ಸಾಲಲಿಲ್ಲಂತ ಮೀನಿನ ಹೊಟ್ಟಿಗೂ ಹೋತು ನಿನ್ನ ನೊಣಾ!’ ಎಂದು ಅಡಿವೆವ್ವ ಕಣ್ಣೊರೆಸಿಕೊಂಡಳು. ನಿನ್ನ ನೊಣ ಅಂದಳು. ಇಷ್ಟು ಸಂತೋಷ ಹೊನ್ನವ್ವಗೆ ಬೇರೆ ಎಲ್ಲೂ ಇಲ್ಲ, ತೊಟ್ಟಿಲ ಮುಂದೆ ಇದ್ದೀತು, ಅದು ಬೇರೆ ಥರ. ಆದರೆ ಏರಿ ಹತ್ತಿ ಸೀರೆ ಹಿಂಡಿಕೊಳ್ಳುವಾಗ ಅಡಿವೆವ್ವ ಮತ್ತೆ ಮುಖ ಗಂಭೀರ ಮಾಡಿ, ‘ಬರ್ತೇನ್ರಿ ಅವ್ವಾರ,’ ಎಂದು ಕೇರಿಯ ದಾರಿಗೆ ತಿರುಗಿದಳು. ಅದು ಏರಿಯ ಕಾಯಿದೆಯೋ, ಹತ್ತು ದಿನದ ಸಿಟ್ಟೋ ತಿಳಿಯಲಿಲ್ಲ. ತಿಳಿಯದೆ ಮನೆಗೆ ಹೋಗುವುದು ಹೊನ್ನವ್ವನಿಂದ ಆಗಲಿಲ್ಲ.

‘ಆ ಕಡೆ ಬ್ಯಾಡ. ನಮ್ಮ ಓಣ್ಯಾಗ ಹಾದು ಹೋಗೂಣು ನಡಿ.’

‘ನಾ ಯಾಕ್ರಿ? ಬ್ಯಾಡಂದಾರ ಅಲ್ಲೆ.’

‘ಹಿತ್ತಲಕ್ಕ ಬ್ಯಾಡಂದಾರ. ಓಣಿ ಸರಕಾರದ್ದು.’

ನೀರಿನಿಂದ ಎತ್ತಿ ತಂದ ಕೋಲನ್ನು ಹೊನ್ನವ್ವ ಗುಡಿಸಲಿನ ಸೂರಿಗೆ ಸಿಕ್ಕಿಸಲಿಲ್ಲ, ಹೆಗಲ ಮೇಲೆ ಇಟ್ಟುಕೊಂಡಳು. ಹಿಟ್ಟಿನ ಗಿರಣಿಯ ಮುಂದೆ, ಪರಮೇಶಪ್ಪನ ಚಾದಂಗಡಿಯ ಮುಂದೆ, ಮೈತುಂಬ ಕೆಸರಾದ ಸಾಹುಕಾರರ ಸೊಸೆ ಬಿದಿರಿನ ಕೋಲು ಹೊತ್ತು ನಡೆದಳು. ಹತ್ತು ಹೆಜ್ಜೆ ಹಿಂದೆ ಅಡಿವೆವ್ವ ಬುಟ್ಟಿ ಹೊತ್ತು ಬಂದಳು. ಪರಮೇಶಪ್ಪ ಚಾ ಸೋಸುವುದನ್ನು ಬಿಟ್ಟು, ‘ಏನ್ರಿ ಅಕ್ಕಾರ, ಬಿತ್ತೇನ್ರಿ ಇವತ್ತ?’ ಎಂದು ಕೇಳಿದ. ಇವತ್ತ ಅಂದನಲ್ಲ ಎಂದು ಹೊನ್ನವ್ವಗೆ ಒಂದು ಕ್ಷಣ ಕಾಲು ತಡವರಿಸಿತು, ಆದರೆ ಈಗ ನಿಂತರೆ ಮುಗಿಯಿತು. ನಿಲ್ಲಲಿಲ್ಲ. ಕಟ್ಟೆಯ ಮೇಲೆ ಅತ್ತೆ, ಪಕ್ಕದ ಮನೆಯ ಶಂಕ್ರವ್ವ, ಓಣಿಯ ಇನ್ನಿಬ್ಬರು, ನಡುವೆ ಹತ್ತಿಯ ರಾಶಿ. ಎಲ್ಲರೂ ಪಾದಪೂಜೆಯ ದಿನ ಪಡಸಾಲೆಯಲ್ಲಿ ಇದ್ದವರೇ. ಹೊನ್ನವ್ವ ಮೆಟ್ಟಿಲ ಕೆಳಗೆ ನಿಂತು, ಉಸಿರು ಹಿಡಿದುಕೊಂಡು ಒಂದೇ ಸಲಕ್ಕೆ ಹೇಳಿದಳು: ‘ಅತ್ತೀ, ಅವತ್ತ ಅಯ್ಯಾರ ಶಾಲಿಗೆ ಸಿಕ್ಕ ಗಾಳ ನಂದ್ರಿ. ಅಡಿವೆವ್ವಂದಲ್ಲ. ಮೂರು ವರ್ಷದಿಂದ ನಾನ ಕಟ್ಟತೇನಿ, ನಾನ ಹಾಕ್ತೇನಿ. ಸುಳ್ಳ ಹೇಳಿದೆ.’

ಸರೋಜವ್ವ ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿ ತಟ್ಟೆಗೆ ಹಾಕಿದಳು. ‘ಗೊತ್ತೈತಿ,’ ಅಂದಳು.

‘ಏನಂದ್ರಿ?’

‘ಗೊತ್ತೈತಿ ಅಂದೆ. ಹಾನಗಲ್ಲಿನಿಂದ ಆ ಹಸರ ದಾರ ನಿನಗ ತಂದಾಕಿ ಯಾರು, ನಾನಲ್ಲೇನು? ಶ್ರಾವಣದಾಗ ಎಂಟ ದಿನ ಸೂರ್ಯನ ಮುಖಾ ಕಂಡಿರಲಿಲ್ಲ, ಸೀರಿ ಬಿಸಲಿಗೆ ಹಾಕಿದ್ದೆ ಅಂತಿ. ಹುಸಿ ಹೇಳಿದ್ರ ಒಂದೀಟು ಮಳಿ ಬಿಸಲು ನೋಡಿ ಹೇಳಬೇಕು.’ ಶಂಕ್ರವ್ವ ಹತ್ತಿಯೊಳಗೆ ಮುಖ ಹುದುಗಿಸಿ ನಗುತ್ತಿದ್ದಳು. ‘ಗುರುವಾರಕ್ಕೊಮ್ಮಿ ಕೆರಿ ಹಾದಿ ಹಿಡೀತಿ, ಬರೂವಾಗ ಮೀನಿನ ವಾಸನಿ ಹೊತ್ತಕೊಂಡ ಬರ್ತಿ, ಮನ್ಯಾಗ ಇರಾವ್ರಿಗೆ ಮೂಗಿಲ್ಲೇನು? ನಿನ್ನ ಗಂಡಗೂ ಗೊತ್ತೈತಿ.’

ಹೊನ್ನವ್ವ ಕೋಲನ್ನು ನೆಲಕ್ಕೆ ಊರಿಕೊಂಡಳು. ನಗು ಬಂತು, ಅದರ ಹಿಂದೆಯೇ ಇನ್ನೊಂದು ಬಂತು. ಗೊತ್ತಿತ್ತು. ಅವತ್ತು ಪಡಸಾಲೆಯಲ್ಲಿ ಅಷ್ಟೂ ಮಂದಿಗೆ ಗೊ‌ತ್ತಿತ್ತು, ಅವಳ ಸುಳ್ಳು ಯಾರಿಗೂ ಸುಳ್ಳಾಗಿ ಉಳಿದಿರಲಿಲ್ಲ, ಆದರೂ ಅದನ್ನು ಹೊತ್ತುಕೊಂಡು ಹೋಗಬೇಕಾದವಳು ಮಾತ್ರ ಅಡಿವೆವ್ವ. ಸಿಟ್ಟು ನೆತ್ತಿಗೇರಿತು. ‘ಗೊತ್ತಿದ್ದೂ ಅಕಿನ್ನ ಹೊರಗ ಹಾಕಿದ್ರೇನ್ರಿ?’ ಅಂದಳು. ಹದಿನೆಂಟು ವರ್ಷದಲ್ಲಿ ಅತ್ತೆಗೆ ಹೀಗೆ ದನಿ ಏರಿಸಿದ್ದು ಇದೇ ಮೊದಲು.

ಸರೋಜವ್ವ ಕೈಗೆ ಅಂಟಿದ ಹತ್ತಿಯನ್ನು ಬಿಡಿಸಿದಳು. ‘ನೀ ಅಂದಿ. ಅಯ್ಯಾರ ಮುಂದ ನನ್ನ ಸೊಸಿ ಸುಳ್ಳ ಹೇಳ್ಯಾಳ ಅನ್ಲೇನು? ಮಾಡಿದ್ದು ಛಲೋ ಮಾಡಿದೆ ಅಂತ ನಾ ಏನ್ ಹೇಳಾಕತ್ತಿಲ್ಲ. ನೀ ಯಾವಾಗರ ಬಂದು ಹೇಳ್ತಿ ಅಂತ ಕುಂತೇನಿ, ಹತ್ತ ದಿನಾತು. ಕಟಗಿ ಬ್ಯಾರೇದವರ ಕಡಿಂದ ಒಡಸಿಲ್ಲ, ನೋಡಿಯಿಲ್ಲೋ?’ ಆಮೇಲೆ ಓಣಿಯ ತಿರುವಿನಲ್ಲಿ ನಿಂತವಳ ಕಡೆಗೆ ದನಿ ಎತ್ತಿದಳು. ‘ಏ ಅಡಿವೆವ್ವಾ, ಅಲ್ಯಾಕ ನಿಂತಿ? ಬಾ ಇಲ್ಲೆ. ಅವತ್ತ ನಿನಗ ಅನಬಾರದ್ದು ಅಂದೆ. ನಾಳೆ ಬಂದು ಕಟಗಿ ಒಡದ ಹೋಗು.’

ಅಡಿವೆವ್ವ ನಿಧಾನ ನಡೆದು ಬಂದಳು. ಬುಟ್ಟಿ ಕೆಳಗಿಟ್ಟು ಸೆರಗು ಸರಿ ಮಾಡಿಕೊಂಡಳು. ‘ನಾಳೆ ಆಗಂಗಿಲ್ರಿ. ನನಗ ಕೆಲಸೈತಿ,’ ಅಂದಳು. ‘ಶನಿವಾರ ನೋಡ್ತೇನಿ. ಶಂಕ್ರವ್ವಾರ ಮನ್ಯಾಗೂ ಮಾತಾಡೂದೈತಿ, ಅವರೂ ಬ್ಯಾಡಂದಾರ.’ ಶಂಕ್ರವ್ವನ ನಗು ನಿಂತಿತು. ‘ಅಯ್ಯ, ನಾ ಎಲ್ಲೆ... ಶನಿವಾರ ನಮ್ಮ ಮನೀಗೂ ಬಾರವಾ,’ ಎಂದು ತಡವರಿಸಿ, ಮಾತು ಬದಲಿಸಲು ಅವಸರ ಮಾಡಿದಳು. ‘ಇಬ್ರೂ ಹಿಂಗ ಕೆಸರಾಗೀರಲ್ಲ, ಮೀನರ ಬಿತ್ತೇನು?’

‘ಬಿತ್ತು, ಹೋತು,’ ಅಂದಳು ಅಡಿವೆವ್ವ. ‘ತೂಬಿನ ಮುದುಕ.’

‘ಎಷ್ಟ ದೊಡ್ಡದು?’

ಬಾಲವೊಂದೇ ಇಬ್ಬರಿಗೂ ಕಂಡಿದ್ದು. ಬಹಳವೆಂದರೆ ಒಂದು ಮೊಳ ಇದ್ದೀತು ಮುದುಕ. ಅಡಿವೆವ್ವ ಎರಡೂ ಕೈ ಎತ್ತಿದಳು. ಮೊಳದಷ್ಟು ಅಗಲಿಸಿದಳು, ನಿಲ್ಲಲಿಲ್ಲ, ಎರಡು ಮೊಳ ಮಾಡಿದಳು, ಇನ್ನೂ ನಿಲ್ಲದೆ ಹೆಗಲು ಎಳೆಯುವ ತನಕ ಕೈ ಚಾಚಿದಳು. ‘ಹೋಗ ಹೋಗ, ಸುಳ್ಳ ಹೇಳಬ್ಯಾಡ,’ ಅಂದರು ಕಟ್ಟೆಯ ಹೆಂಗಸರು. ಅಡಿವೆವ್ವ ಚಾಚಿದ ಕೈ ಮಡಚದೆ ಕತ್ತನ್ನಷ್ಟೇ ತಿರುಗಿಸಿದಳು. ಸುತ್ತ ಎಲ್ಲೂ ನೀರಿರಲಿಲ್ಲ, ಒಣ ಓಣಿ, ಮೆಟ್ಟಿಲ ಮೇಲೆ ಅತ್ತೆ.

‘ಹೌದಿಲ್ಲೋ ಹೊನ್ನವ್ವಾ?’ ಅಂದಳು.

ಎಲ್ಲರೂ ಹೊನ್ನವ್ವನನ್ನು ನೋಡಿದರು, ಅವತ್ತು ನೋಡಿದ ಹಾಗೆಯೇ. ಬಾಯಿ ಇವತ್ತು ಒಣಗಲಿಲ್ಲ.

‘ಹೌದು,’ ಅಂದಳು ಹೊನ್ನವ್ವ. ‘ನಾ ಕಣ್ಣಾರೆ ನೋಡೇನಿ. ಅಕಿ ಕೈ ಸಾಲೂದಿಲ್ಲ.’ ಕೋಲನ್ನು ಕಟ್ಟೆಗೆ ಒರಗಿಸಿ, ಅಡಿವೆವ್ವನ ಪಕ್ಕಕ್ಕೆ ಹೋಗಿ ನಿಂತು, ಅವಳ ಬೆರಳು ಮುಗಿದಲ್ಲಿಂದ ತನ್ನ ಕೈ ಚಾಚಿದಳು.